ಬೆಳೆದ ಮಕ್ಕಳ ಜೊತೆ ಮಾತು ಬಿಡಬೇಡಿ

ಮಗಳು ಬೆಂಗಳೂರಿನ ಮಾರತ್ತಹಳ್ಳಿಯ ಪಿಜಿಯಲ್ಲಿದ್ದಾಳೆ. ಫೋನ್ ಮಾಡಿದರೆ "ಊಟ ಆಯ್ತು, ಚೆನ್ನಾಗಿದೀನಿ, ಇಡ್ತೀನಿ" ಅಷ್ಟೇ. ಏನೋ ಸರಿಯಿಲ್ಲ ಅಂತ ದನಿಯಲ್ಲೇ ಗೊತ್ತಾಗುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ಎಷ್ಟೋ ಸಲ ಇದು ಮನೆಯಲ್ಲೇ ಕಲಿತ ಅಭ್ಯಾಸ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ 1960ರ ದಶಕದಲ್ಲಿ ತಂದೆತಾಯಿಯರಲ್ಲಿ ಮೂರು ಬಗೆ ಗುರುತಿಸಿದರು. ಹೇಳಿದಷ್ಟು ಮಾಡು ಅನ್ನುವವರು, ಶಿಸ್ತಿಟ್ಟುಕೊಂಡೇ ಅಕ್ಕರೆಯಿಂದ ಕಾರಣ ಹೇಳುವವರು, ಎಲ್ಲದಕ್ಕೂ ಹೂಂ ಅನ್ನುವವರು. ಮಕ್ಕಳ ಕಡೆ ಗಮನವೇ ಕೊಡದವರು ಅನ್ನುವ ನಾಲ್ಕನೆಯ ಬಗೆ 1983ರಲ್ಲಿ ಸೇರಿತು. ನೀವು ಯಾವ ಬಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಒಂದೇ, ಮಾತು ಬಿಡುವುದು.

ರಾತ್ರಿ ಒಂಬತ್ತಕ್ಕೆ ಮನೆ ಸೇರು ಅನ್ನುವುದು ನಿಯಮ. ಮಕ್ಕಳು ಗೊಣಗುತ್ತಾರೆ, ಒಪ್ಪುತ್ತಾರೆ, ಇಲ್ಲಾ ಜಗಳ ಆಡುತ್ತಾರೆ. ಆದರೆ ತಡವಾಗಿ ಬಂದಳು ಅಂತ ನಾಲ್ಕು ದಿನ ಮುಖ ತಿರುಗಿಸಿಕೊಂಡು, "ಊಟಕ್ಕೆ ಬರೋಕೆ ಹೇಳು ಅವಳಿಗೆ" ಅಂತ ಪಕ್ಕದಲ್ಲೇ ನಿಂತವಳಿಗೆ ಇನ್ನೊಬ್ಬರ ಬಾಯಲ್ಲಿ ಹೇಳಿಸಿದರೆ, ಅವಳಿಗೆ ತಿಳಿಯುವುದು ತಪ್ಪು ಮಾಡಿದರೆ ಪ್ರೀತಿ ನಿಂತುಹೋಗುತ್ತದೆ ಅಂತ. ಹೀಗೆ ಪ್ರೀತಿ ತಡೆಹಿಡಿದು ಬಗ್ಗಿಸುವುದಕ್ಕೂ ಮುಂದೆ ಮಕ್ಕಳನ್ನು ಕಾಡುವ ಆತಂಕ, ಖಿನ್ನತೆಗೂ ನಂಟಿದೆ ಅಂತ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ.

ಸಿಟ್ಟು ಬಂದರೆ ಸುಮ್ಮನಿರಿ, ಆದರೆ ಎಷ್ಟು ಹೊತ್ತು ಅಂತ ಹೇಳಿ. "ಈಗ ನನಗೆ ಸಿಟ್ಟಿದೆ, ರಾತ್ರಿ ಊಟ ಆದಮೇಲೆ ಮಾತಾಡೋಣ." ರಾತ್ರಿ ಖಂಡಿತ ಕೂತು ಮಾತಾಡಿ. "ನಿನಗೋಸ್ಕರ ಎಷ್ಟು ಕಷ್ಟಪಟ್ಟಿದ್ದೇವೆ" ಅನ್ನುವ ಮಾತನ್ನು ಜಗಳಕ್ಕೆ ತರಬೇಡಿ. ನಿಜವೇ, ಆದರೆ ಆ ಹೊತ್ತಿನಲ್ಲಿ ಅದು ಮಗುವಿನ ಬಾಯಿ ಮುಚ್ಚಿಸುತ್ತದೆ ಅಷ್ಟೇ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒದ್ದಾಡಿ ಬಂದವರಿಗೆ ಬಾಗಿಲಲ್ಲೇ ಮದುವೆ, ಸಂಬಳದ ಪ್ರಶ್ನೆ ಬೇಡ. ಅವರಾಗೇ ಏನಾದರೂ ಹೇಳಿದರೆ "ಸುಮ್ನೆ ಕೇಳಲಾ, ಏನಾದರೂ ಮಾಡಬೇಕಾ?" ಅಂತ ಕೇಳಿ.

ಹಳೆಯದಕ್ಕೂ ಕ್ಷಮೆ ಕೇಳಬಹುದು. ನಾನು ನನ್ನ ಮಗನ ಹತ್ತಿರ ಕೇಳಿದ್ದೇನೆ. "ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದಾಗ ವಾರಗಟ್ಟಲೆ ನಿನ್ನ ಜೊತೆ ಮಾತಾಡಲಿಲ್ಲ, ತಪ್ಪಾಯ್ತು ಮಗಾ" ಅಂದೆ. ಆಮೇಲೆ "ಆದರೆ ನೀನೂ..." ಅಂತ ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ, ಅದೇ ಜಾಸ್ತಿ ಕಷ್ಟವಾಗಿದ್ದು. ಅವನು "ಬಿಡಮ್ಮ" ಅಂದು ಎದ್ದು ಹೋದ. ಎರಡು ತಿಂಗಳಾದಮೇಲೆ ಆಫೀಸಿನ ಕಷ್ಟ ಹೇಳಿಕೊಂಡ.

ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದರೆ ಮನೆಮಾತು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.