ನಲವತ್ತು ವಾರಿಯರ್, ಎರಡೇ ಗುಂಪು: ನನ್ನ ಅನುಭವ

ವಾರ್‌ಹ್ಯಾಮರ್ 40,000 ಅನ್ನೋ ಬೊಂಬೆ ಪಡೆಗಳ ಟೇಬಲ್ ಆಟದಲ್ಲಿ ನೆಕ್ರಾನ್ ಅನ್ನೋ ಲೋಹದ ಪಡೆ ಆಡುವವರ ಹತ್ತಿರ, ಅದರ ಸಾಮಾನ್ಯ ಕಾಲಾಳು ವಾರಿಯರ್‌ನ ಮಾತೆತ್ತಿ ನೋಡಿ, ಉತ್ತರ ನಾಲಗೆ ತುದಿಯಲ್ಲೇ ಇರುತ್ತೆ: ಹತ್ತು ಸಾಕು, ಹಿಂದಿನ ಆಬ್ಜೆಕ್ಟಿವ್ (ಹಿಡಿದಿಟ್ಟುಕೊಳ್ಳಬೇಕಾದ ಜಾಗ) ಮೇಲೆ ಕೂರಿಸು, ಉಳಿದ ಪಾಯಿಂಟೆಲ್ಲ (ಪಡೆ ಕಟ್ಟೋಕೆ ಸಿಗುವ ಬಜೆಟ್) ರೇತ್, ಡೂಮ್ಸ್‌ಡೇ ಆರ್ಕ್‌ನಂಥ ದೊಡ್ಡ ಯಂತ್ರಗಳಿಗೆ ಹಾಕು. ನಾನು ನಲವತ್ತು ಇಡ್ತೀನಿ ಅಂದಾಗ ನನ್ನ ಜೊತೆ ಆಡುವವನೊಬ್ಬ ಲಿಸ್ಟ್ ನೋಡಿ, 'ಇದು ಪಡೆ ಅಲ್ಲ ಮಾರಾಯ, ಜಾತ್ರೆ' ಅಂದ. ನಿಯಮಗಳ ಹತ್ತನೇ ಆವೃತ್ತಿಯಲ್ಲಿ, ಎರಡೇ ಗುಂಪು ಮಾಡಿದ ಮೇಲಿನ ಹದಿನೈದು ಆಟದಲ್ಲಿ ಆ ಜಾತ್ರೆ ಹನ್ನೊಂದೋ ಹನ್ನೆರಡೋ ಗೆದ್ದಿದೆ. ಅವನ ವಿರುದ್ಧವೇ ನಾಲ್ಕು. ಅದಕ್ಕೇ ಇದನ್ನ ಬರೀತಿರೋದು.

ನಾನು ಶುರು ಮಾಡಿದ್ದು ಅಂಕಿಯಿಂದ ಅಲ್ಲ, ಕಥೆಯಿಂದ. ಸುಡುವ ಸೂರ್ಯನ ಕೆಳಗೆ ಹುಣ್ಣು ಗಂಟುಗಳಲ್ಲಿ ನರಳಿ ಅರ್ಧ ವಯಸ್ಸಿಗೇ ಸಾಯುತ್ತಿದ್ದ ಜನ, ಕ್‌ತಾನ್ ಅನ್ನೋ ನಕ್ಷತ್ರ ದೇವರುಗಳ ಮಾತು ನಂಬಿ ಕುಲುಮೆಗೆ ಇಳಿದು ಲೋಹ ಆದರು. ಅವರೇ ನೆಕ್ರಾನ್. ಅರಸರಿಗೂ ಸರದಾರರಿಗೂ ಒಳ್ಳೇ ದೇಹ ಸಿಕ್ಕಿತು, ಬುದ್ಧಿ, ನೆನಪು, ಜಂಬ ಎಲ್ಲ ಉಳೀತು. ಸಾಮಾನ್ಯ ಜನಕ್ಕೆ ಸಿಕ್ಕಿದ್ದು ವಾರಿಯರ್ ದೇಹ, ಒಳಗೆ ಏನೂ ಇಲ್ಲ. ಆರು ಕೋಟಿ ವರ್ಷ ಮಲಗಿ ಎದ್ದ ಮೇಲೂ ದೊರೆ ಹೇಳಿದ ಕಡೆ ನಡೀತಾರೆ. ಅರಸರಿಗೆ ಈ ಸ್ವಂತ ವ್ಯಕ್ತಿತ್ವ ಬಂದಿದ್ದು 2011ರ ಕೋಡೆಕ್ಸ್‌ನಲ್ಲಿ, ಅಂದರೆ ಪಡೆಯ ನಿಯಮ ಪುಸ್ತಕದಲ್ಲಿ. 2002ರದ್ದರಲ್ಲಿ ಇಡೀ ಪಡೆಯೇ ಕ್‌ತಾನ್‌ಗಳ ಮೂಕ ಆಳು. ಹಳಬರಿಗೆ 'ಫೇಸ್ ಔಟ್' ನೆನಪಿರಬೇಕು: ನೆಕ್ರಾನ್‌ಗಳು ಕಾಲು ಭಾಗಕ್ಕೆ ಇಳಿದರೆ ಇಡೀ ಪಡೆ ಮಾಯ, ಆಟ ಸೋತ ಹಾಗೆ. ಆ ಕಾಲದಲ್ಲಿ ಜಾಸ್ತಿ ವಾರಿಯರ್ ಇಡೋದು ಜೀವ ಉಳಿಸಿಕೊಳ್ಳೋಕೆ. ಈಗ ಯಾಕೆ ಬೇಡ ಅನ್ನೋದು ನನ್ನ ಪ್ರಶ್ನೆ ಆಗಿತ್ತು.

ಮೊದಲ ತಪ್ಪು ಮೊನೊಲಿತ್, ಪಿರಮಿಡ್ ಆಕಾರದ ದೊಡ್ಡ ಯುದ್ಧಯಂತ್ರ. ಕಪ್ಪು ಪಿರಮಿಡ್ ಇಲ್ಲದ ನೆಕ್ರಾನ್ ಪಡೆ ಏನು ಪಡೆ ಅಂತ ಹಿಂದೆ ಮುಂದೆ ನೋಡದೆ ತಗೊಂಡೆ. ಮೂರು ಆಟ ಆಡಿದೆ. ಅದನ್ನ ಯಾವ ಗೋಡೆಯ ಹಿಂದೂ ಅಡಗಿಸೋಕೆ ಆಗಲ್ಲ, ಎದುರಾಳಿಯ ಟ್ಯಾಂಕ್ ಬೇಟೆಯ ಬಂದೂಕೆಲ್ಲ ಮೊದಲ ಸುತ್ತಿನಲ್ಲೇ ಅದರ ಕಡೆ ತಿರುಗುತ್ತೆ. ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಬಂದ ದುಡ್ಡಲ್ಲಿ ಮೂವತ್ತು ಚಿಲ್ಲರೆ ಹಳೇ ವಾರಿಯರ್ ಸೆಕೆಂಡ್ ಹ್ಯಾಂಡ್ ಸಿಕ್ಕವು, ಗನ್ನೊಳಗೆ ಹಸಿರು ಪ್ಲಾಸ್ಟಿಕ್ ಕಡ್ಡಿ ಇರುವಂಥವು. ಉಳಿದ ಹತ್ತಕ್ಕೆ ಹೊಸ ಪೆಟ್ಟಿಗೆ ಒಂದು, ಅದರ ಜೊತೆ ಸ್ಕಾರಬ್ ಅನ್ನೋ ಯಂತ್ರದ ಜೀರುಂಡೆಗಳು ಹೇಗೂ ಬರುತ್ತವೆ. ಮೊನೊಲಿತ್ ನಷ್ಟ ಬಿಟ್ಟರೆ ನಾನು ಹಾಕಿದ ದುಡ್ಡು ಒಬ್ಬ ಮಾಮೂಲಿ ಆಟಗಾರನ ಮೂರನೇ ಒಂದು ಭಾಗ ಇದ್ದರೆ ಹೆಚ್ಚು.

ಹಳೇ ಬಣ್ಣ ತೆಗೆಯೋಕೆ ಹೋಗಿ ಎರಡನೇ ತಪ್ಪು. ಬಣ್ಣ ಬಿಡಿಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಮುಗಿದಿತ್ತು, ಒಂದು ರಾತ್ರಿ ಕಾಯೋ ತಾಳ್ಮೆ ಇರಲಿಲ್ಲ, ಅಸಿಟೋನ್‌ಗೆ ಹಾಕಿದೆ. ಅಸಿಟೋನ್ ಪ್ಲಾಸ್ಟಿಕ್ ತಿನ್ನುತ್ತೆ ಅಂತ ಗೊತ್ತಿತ್ತು, 'ಐದು ನಿಮಿಷ ತಾನೇ' ಅಂದುಕೊಂಡೆ. ಮೂರು ಬೊಂಬೆ ಬೆಲ್ಲದ ಪಾಕದ ಹಾಗೆ ಅಂಟಿಕೊಂಡವು. ಒಬ್ಬನ ಮುಖ ಮಾತ್ರ ಕರಗಿ ಮಿಕ್ಕಿದ್ದು ಉಳೀತು. ಹಸಿರು ಕಡ್ಡಿಗಳನ್ನ ಸೂಪರ್ ಗ್ಲೂನಲ್ಲಿ ಕೂರಿಸಿದ್ದರಿಂದ ಏಳೆಂಟು ಕಡ್ಡಿಗೆ ಬಿಳಿ ಮಂಜು ಹಿಡೀತು. ಆಮೇಲೆ ಮಿಕ್ಕವಕ್ಕೆ ಬಿಳಿ ಅಂಟು ಹಾಕಿದೆ, ಏನೂ ಆಗಲಿಲ್ಲ.

ಬಣ್ಣದ ಬಗ್ಗೆ ಹೆಚ್ಚು ಹೇಳೋದಿಲ್ಲ. ಬೆಳ್ಳಿ ಸ್ಪ್ರೇ, ಕಪ್ಪು ವಾಶ್ (ಸಂದಿಗೆ ಇಳಿಯುವ ತೆಳು ಬಣ್ಣ), ಒಣ ಬ್ರಶ್ಶಿನಲ್ಲಿ ಡ್ರೈಬ್ರಶ್, ಸ್ಪಾಂಜಿನಲ್ಲಿ ತುಕ್ಕು. ಒಂಬತ್ತು ಹತ್ತು ಸಂಜೆಗೆ ನಲವತ್ತೂ ಮುಗಿದವು. ತುಕ್ಕಿಗೆ ನಾನು ವಾಶ್ ಒಣಗುವ ಮೊದಲೇ ಒಂದು ಕೆಲಸ ಮಾಡ್ತೀನಿ, ಅದು ನನ್ನಲ್ಲೇ ಇರಲಿ.

ಈಗ ಆಟ. ಮೊದಲ ಆರು ಆಟದಲ್ಲಿ ಐದು ಸೋತೆ. ಹತ್ತತ್ತರ ನಾಲ್ಕು ಯೂನಿಟ್ (ಒಟ್ಟಿಗೆ ಆಡುವ ಗುಂಪು) ಇಟ್ಟಿದ್ದೆ, ನಾಲ್ಕು ಕಡೆ ಹಬ್ಬಿಸಬಹುದು ಅಂತ. ಒಂದೇ ವೂಂಡ್ (ಒಂದು ಏಟಿಗೇ ಸಾವು), ನಾಲ್ಕು ಪ್ಲಸ್ ಸೇವ್ (ದಾಳದಲ್ಲಿ ನಾಲ್ಕೋ ಹೆಚ್ಚೋ ಬಿದ್ದರೆ ಬಚಾವ್): ಎದುರಾಳಿ ಸುತ್ತಿಗೊಂದು ಯೂನಿಟ್ಟನ್ನ ಪೂರ್ತಿ ಒರೆಸಿ ಹಾಕ್ತಿದ್ದ. ಒಬ್ಬನಾದರೂ ನಿಂತಿದ್ದರೆ ತಾನೇ ರೀಅನಿಮೇಶನ್, ಅಂದರೆ ಬಿದ್ದವರು ಮತ್ತೆ ಏಳೋದು? ಪಡೆಯ ದೊಡ್ಡ ಶಕ್ತಿ ಅದು, ಅದರ ದಾಳ ಎಸೆಯುವ ಅವಕಾಶವೇ ಬರಲಿಲ್ಲ. ಅದೇ ನಲವತ್ತು ಬೊಂಬೆಯನ್ನ ಇಪ್ಪತ್ತರ ಎರಡು ಯೂನಿಟ್ ಮಾಡಿದ ದಿನ ಲೆಕ್ಕ ತಿರುಗಿತು.

ಒಂದಕ್ಕೆ ನಾಯಕ ಓವರ್‌ಲಾರ್ಡ್, ಅಂದರೆ ದೊರೆ, ಕೈಯಲ್ಲಿ ಬಿದ್ದವರನ್ನ ಎಬ್ಬಿಸುವ ರೆಸರೆಕ್ಷನ್ ಆರ್ಬ್. ಇನ್ನೊಂದಕ್ಕೆ ಯಂತ್ರವಿದ್ಯೆಯ ಟೆಕ್ನೋಮ್ಯಾನ್ಸರ್, ಅವನಿಂದ ಐದು ಪ್ಲಸ್ ಫೀಲ್ ನೋ ಪೇನ್ (ಏಟು ತಪ್ಪಿಸೋಕೆ ಇನ್ನೊಂದು ದಾಳ). ನಾನು ಆರಿಸಿದ ನಿಯಮಗಳ ಕಟ್ಟು ಅವೇಕನ್ಡ್ ಡೈನಾಸ್ಟಿ ಆಗಿದ್ದರಿಂದ, ನಾಯಕ ಇರುವ ಯೂನಿಟ್‌ಗೆ ಗುರಿ ತಾಗುವ ದಾಳಕ್ಕೆ ಒಂದು ಹೆಚ್ಚು. ಹಿಂದೆ ಗೋಡೆ ಮರೆಯಲ್ಲಿ, ಬಿದ್ದವರು ಹೆಚ್ಚು ಏಳುವಂತೆ ಮಾಡುವ ಯಂತ್ರ ಕನೋಪ್ಟೆಕ್ ರೀಅನಿಮೇಟರ್. ಇಪ್ಪತ್ತರ ಗುಂಪಿಗೆ ಸುಮಾರು ಇನ್ನೂರು ಪಾಯಿಂಟ್ ಬೀಳ್ತಿತ್ತು, ಎರಡು ಸಾವಿರದ ಆಟಕ್ಕೆ ಇದು ಭಾರ ಅಲ್ಲ. ತಲಾ ಎರಡು ಆಬ್ಜೆಕ್ಟಿವ್ ಕಂಟ್ರೋಲ್ (ಜಾಗ ಹಿಡಿಯುವ ಬಲ) ಅಂದರೆ ಪೂರ್ತಿ ಗುಂಪಿಗೆ ನಲವತ್ತು. ಮಧ್ಯದ ಆಬ್ಜೆಕ್ಟಿವ್ ಮೇಲೆ ಅಷ್ಟನ್ನ ಯಾರು ತಂದು ನಿಲ್ಲಿಸ್ತಾರೆ?

ಒಂದು ಆಟ ಕಣ್ಣಿಗೆ ಕಟ್ಟಿದ ಹಾಗಿದೆ. ಮಧ್ಯದಲ್ಲಿ ಇಪ್ಪತ್ತು ಜನ ನಿಂತಿದ್ದಾರೆ. ಎದುರಾಳಿ ಮೂರು ಯೂನಿಟ್‌ನ ಗುಂಡೆಲ್ಲ ಸುರಿದ. ಏಳು ಉಳಿದವು. ವಿಶೇಷ ತಂತ್ರಗಳಿಗೆ ಖರ್ಚು ಮಾಡುವ ಕಮಾಂಡ್ ಪಾಯಿಂಟ್ ಒಂದನ್ನ ಕೊಟ್ಟು ಅನ್‌ಡೈಯಿಂಗ್ ಲೀಜನ್ಸ್ ಅನ್ನೋ ತಂತ್ರ ಕರೆದೆ, ಮೂರು ಎದ್ದವು. ನನ್ನ ಸರದಿಯ ಮೊದಲ ಹಂತವಾದ ಕಮಾಂಡ್ ಫೇಸ್ ಕೊನೆಗೆ ರೀಅನಿಮೇಟರ್ ಸೇರಿಸಿ ಇನ್ನೈದು. ಹದಿನೈದು! ಆರ್ಬ್ ಇನ್ನೂ ಮುಟ್ಟೇ ಇರಲಿಲ್ಲ. ಸತ್ತವು ಅಂತ ಟೇಬಲ್ ಮೇಲೆ ಮಲಗಿಸಿದ್ದ ಬೊಂಬೆಗಳನ್ನ ನಾನು ಒಂದೊಂದಾಗಿ ನಿಲ್ಲಿಸೋದನ್ನೇ ಎದುರಾಳಿ ನೋಡ್ತಿದ್ದ, ಒಂದು ಮಾತೂ ಆಡಲಿಲ್ಲ.

ಇಲ್ಲಿ ಕೈಚಳಕ ಇರೋದು ಏಟು ಬಿದ್ದಾಗ ನಮ್ಮವರಲ್ಲಿ ಯಾರನ್ನ ಸಾಯಿಸಬೇಕು ಅನ್ನೋದರಲ್ಲಿ. ಹಿಂದಿನವರನ್ನ ತೆಗೆಯಿರಿ, ಆಬ್ಜೆಕ್ಟಿವ್ ಮೇಲಿನವರನ್ನ ಮುಟ್ಟಬೇಡಿ. ಎದ್ದವರನ್ನ ಕೋಹೆರೆನ್ಸಿ (ಗುಂಪು ಚದುರದೆ ಇರಬೇಕಾದ ಅಂತರ) ತಪ್ಪದಂತೆ ಮುಂದಕ್ಕೆ ಇಡಿ. ಹತ್ತನೇ ಆವೃತ್ತಿಯಲ್ಲಿ, ಗುಂಪು ಏಳಕ್ಕಿಂತ ಕಮ್ಮಿ ಆಗುವ ತನಕ ಪ್ರತಿಯೊಬ್ಬನಿಗೂ ಎರಡು ಇಂಚಿನೊಳಗೆ ಇಬ್ಬರು ಬೇಕಿತ್ತು, ಉದ್ದ ಸಾಲು ಎಳೆಯೋಕೆ ಹೋಗಿ ನಾನೇ ಎರಡು ಸಲ ಬೊಂಬೆ ಕಳಕೊಂಡೆ. ಆಟದ ಶುರುವಿಗೆ ಬೊಂಬೆ ಜೋಡಿಸುವಾಗ ಎರಡನೇ ಗುಂಪನ್ನ ಎಲ್ಲಿ ಇಡ್ತೀನಿ ಅನ್ನೋದನ್ನ ಕೇಳಬೇಡಿ, ನನ್ನ ಎದುರಾಳಿಗಳಿಗೂ ಕನ್ನಡ ಬರುತ್ತೆ.

ವಾರಿಯರ್‌ಗಳ ಎರಡು ಬಗೆಯ ಬಂದೂಕು, ರೀಪರ್ ಮತ್ತು ಫ್ಲೇಯರ್, ವಿಷಯದಲ್ಲಿ ಇನ್ನೂ ಗೊಂದಲ. ರೀಪರ್‌ಗೆ ಹೊಡೆತ ಜೋರು, ಆದರೆ ಹತ್ತಿರ ಹೋಗಬೇಕು. ಈಗ ಮಧ್ಯದವರಿಗೆ ರೀಪರ್, ಇನ್ನೊಂದಕ್ಕೆ ಇಪ್ಪತ್ನಾಲ್ಕು ಇಂಚಿನ ಫ್ಲೇಯರ್. ಕೈಗೆ ಮ್ಯಾಗ್ನೆಟ್ ಹಾಕಿ ಬದಲಾಯಿಸೋ ಪ್ರಯತ್ನ ಐದು ಬೊಂಬೆಗೇ ನಿಂತಿತು, ಅಷ್ಟು ಸಣಕಲು ತೋಳಿಗೆ ಡ್ರಿಲ್ ಹಾಕೋದು ಶಿಕ್ಷೆ.

ಫ್ಲೇಡ್ ಒನ್ಸ್ ಮೇಲೂ ಒಂದು ತಿಂಗಳು ಹುಚ್ಚು ಹಿಡಿದಿತ್ತು. ಲಾಂಡುಗೋರ್ ಅನ್ನೋ ಕ್‌ತಾನ್‌ನ ಶಾಪ ತಟ್ಟಿ, ಸತ್ತವರ ಚರ್ಮ ಹೊದ್ದು ತಿರುಗುವ ನೆಕ್ರಾನ್‌ಗಳು. ಗ್ರೀನ್ ಸ್ಟಫ್ ಅನ್ನೋ ಅಚ್ಚಿನ ಜೇಡಿಯಂಥ ಪುಟ್ಟಿಯಲ್ಲಿ ಚರ್ಮ ಮಾಡಿ ಹೊದಿಸಿದೆ, ನೋಡೋಕೆ ಭಯಂಕರ, ಟೇಬಲ್ ಮೇಲೆ ಎರಡನೇ ಸುತ್ತು ಕಾಣಲಿಲ್ಲ. ನನ್ನ ದೊರೆ ಅವರನ್ನ ಗಡೀಪಾರು ಮಾಡಿದ ಅಂತ ಕಥೆ ಕಟ್ಟಿ ಪೆಟ್ಟಿಗೆಗೆ ಹಾಕಿದೆ. ಡಿಸ್ಟ್ರಾಯರ್‌ಗಳೂ ಅದೇ ನೆಪದಲ್ಲಿ ಹೊರಗೆ. ಜೀವ ಇರೋದನ್ನೆಲ್ಲ ಅಳಿಸಬೇಕು ಅನ್ನೋ ಹುಚ್ಚರನ್ನ, ಆಳೋಕೆ ಪ್ರಜೆಗಳು ಬೇಕು ಅನ್ನೋ ದೊರೆ ಯಾಕೆ ಸಾಕ್ತಾನೆ? ಲಿಚ್‌ಗಾರ್ಡ್ ಒಂದೇ ಯೂನಿಟ್, ಅರಮನೆ ಕಾವಲಿಗೆ.

ಅಸಿಟೋನ್‌ನಲ್ಲಿ ಮುಖ ಕರಗಿದವನು ಈಗ ಮಧ್ಯದ ಗುಂಪಿನಲ್ಲಿದ್ದಾನೆ. ಹಿಂದಿನ ಸಾಲಿನ ತುದಿಯಲ್ಲಿ ನಿಲ್ಲಿಸ್ತೀನಿ, ಪ್ರತಿ ಆಟದಲ್ಲೂ ಮೊದಲು ಬೀಳೋದು ಅವನೇ, ಮೊದಲು ಏಳೋದೂ ಅವನೇ. ಜಾತ್ರೆ ಅಂದವನು ಕಳೆದ ಸಲ ಆಟ ಶುರುವಾಗುವ ಮೊದಲೇ ಅವನನ್ನ ಕೈಗೆತ್ತಿಕೊಂಡು ತಿರುಗಿಸಿ ನೋಡಿ, 'ಇವನೊಬ್ಬನನ್ನ ಪೆಟ್ಟಿಗೆಯಲ್ಲೇ ಬಿಡು ಗುರು' ಅಂದ.