ಓದುವುದಕ್ಕೆ ಇ-ಇಂಕ್ ಬೇಕಾ, ಟ್ಯಾಬ್ ಸಾಕಾ?

ಕಥೆ, ಕಾದಂಬರಿ ಜಾಸ್ತಿ ಓದುವವರಾದರೆ ಕಣ್ಣುಮುಚ್ಚಿ ಇ-ಇಂಕ್ (ಕಾಗದದಂತೆ ಕಾಣುವ) ಪರದೆಯ ಓದುವ ಸಾಧನವನ್ನೇ ತಗೊಳ್ಳಿ. ಟ್ಯಾಬ್‌ನಲ್ಲಿ ಬೆಳಕು ಪರದೆಯ ಹಿಂದಿನಿಂದ ನೇರ ಕಣ್ಣಿಗೆ ಬರುತ್ತದೆ. ಇ-ಇಂಕ್‌ನಲ್ಲಿ ಕಪ್ಪು-ಬಿಳಿ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ, ನಾವು ಓದುವುದು ಸುತ್ತಲಿನ ಬೆಳಕಿನಲ್ಲಿ. ಮಧ್ಯಾಹ್ನದ ಬಿಸಿಲಿಗೆ ಹಿಡಿದು ನೋಡಿ: ಟ್ಯಾಬ್‌ನಲ್ಲಿ ನಿಮ್ಮ ಮುಖವೇ ಕಾಣುತ್ತದೆ, ಇದರಲ್ಲಿ ಅಕ್ಷರ ಇನ್ನೂ ಸ್ಪಷ್ಟ. ಪುಟ ಬದಲಾಗುವಾಗ ಮಾತ್ರ ಪರದೆಗೆ ಕರೆಂಟ್ ಬೇಕು, ಹಾಗಾಗಿ ಚಾರ್ಜ್ ವಾರಗಟ್ಟಲೆ ಬರುತ್ತದೆ.

ರಾತ್ರಿ ಹೇಗೆ ಅಂತೀರಾ? ಅಮೆಜಾನ್‌ನ ಇ-ಇಂಕ್ ಸಾಧನವಾದ 2012ರ ಕಿಂಡಲ್ ಪೇಪರ್‌ವೈಟ್‌ನಲ್ಲೇ ಅದಕ್ಕೆ ದಾರಿ ಇತ್ತು. ಅಂಚಿನ ಪುಟ್ಟ ಎಲ್‌ಇಡಿಗಳ ಬೆಳಕು ಪರದೆಯ ಮೇಲೆ ಹರಡುತ್ತದೆ, ಹಿಂದಿನಿಂದ ಬರುವುದಿಲ್ಲ.

ಆದರೆ ಸ್ಕ್ಯಾನ್ ಮಾಡಿದ ಹಳೇ ಕನ್ನಡ ಪುಸ್ತಕಗಳ ಪಿಡಿಎಫ್ ಓದುವವರು ಸ್ವಲ್ಪ ಯೋಚಿಸಿ. 6 ಇಂಚಿನ ಇ-ಇಂಕ್ ಪರದೆಯಲ್ಲಿ ಒತ್ತಕ್ಷರ ಬಿಡಿಸಿಕೊಳ್ಳುವುದೇ ಕಷ್ಟ. ಬರೀ ಅಕ್ಷರವನ್ನು ದೊಡ್ಡದು ಮಾಡೋಣ ಅಂದರೆ ಆಗುವುದಿಲ್ಲ, ಅದು ಪುಟದ ಫೋಟೋ ಅಲ್ವಾ! ಜೂಮ್ ಮಾಡಿ ಅತ್ತಿತ್ತ ಸರಿಸಿದರೆ ಪರದೆ ಮಿಣುಕುತ್ತದೆ, ಹಿಂದಿನ ಪುಟದ ಮಸುಕು ನೆರಳೂ ಉಳಿಯುತ್ತದೆ. ಸುಮ್ನೆ ತಲೆನೋವು. ಇದಕ್ಕೆ 10 ಇಂಚಿನ ಟ್ಯಾಬೇ ವಾಸಿ, ಬ್ರೈಟ್‌ನೆಸ್ ಕಡಿಮೆ ಮಾಡಿಕೊಳ್ಳಿ. ಮಕ್ಕಳ ಬಣ್ಣದ ಚಿತ್ರಪುಸ್ತಕಕ್ಕೂ ಅಷ್ಟೇ.