ಬಸ್ಸಾರಿನ ಕಾಳು ಯಾರ ತಟ್ಟೆಗೆ? ಎಂಟು ತಿಂಗಳಿಂದ ಎಪ್ಪತ್ಮೂರರವರೆಗೆ ಒಂದೇ ಅಡುಗೇಲಿ ಊಟ, ಜೊತೆಗೆ ವ್ಯಾಯಾಮ

ಮೈಸೂರಿನ ನಮ್ಮನೇಲಿ ಈಗ ಆರು ಜನ. ನಾದಿನಿ ಮಗುಗೆ ಎಂಟು ತಿಂಗಳು, ನಾದಿನಿಗೆ 29, ನನ್ನ ಮಗಳಿಗೆ 14, ನನಗೆ 44, ನಮ್ಮ ಯಜಮಾನ್ರಿಗೆ 48, ಅತ್ತೆಗೆ 73. ಆರು ಜನಕ್ಕೂ ಆರು ಥರ ಅಡುಗೆ ಮಾಡೋಕಂತೂ ಆಗಲ್ಲ, ಮಾಡೋ ಅವಶ್ಯಕತೆನೂ ಇಲ್ಲ, ಬಡಿಸೋವಾಗ ಯಾರಿಗೆ ಯಾವುದು ಜಾಸ್ತಿ ಹಾಕ್ಬೇಕು ಅಂತ ಗೊತ್ತಿದ್ರೆ ಸಾಕು.

ಬಸ್ಸಾರು ಮಾಡೋರಿಗೆ ಗೊತ್ತೇ ಇದೆ, ಸೊಪ್ಪು ಕಾಳು ಬೇಯಿಸಿ ಬಸಿದ್ಮೇಲೆ ಕಟ್ಟು ಸಾರಿಗೆ ಹೋಗುತ್ತೆ, ಕಾಳು ಸೊಪ್ಪು ಪಲ್ಯ ಆಗುತ್ತೆ, ರುಬ್ಬೋಕೆ ಅಂತ ಒಂದು ಹಿಡಿ ತಗೋತೀವಿ ಅಷ್ಟೆ. ಅಂದ್ರೆ ಪ್ರೋಟೀನ್ ಬಹುಪಾಲು ಪಲ್ಯದಲ್ಲೇ ಇರೋದು. ಈಗ ನಿಮ್ಮನೇಲಿ ಆ ಪಲ್ಯ ಯಾರಿಗೆ ಜಾಸ್ತಿ ಬೀಳುತ್ತೆ ನೋಡಿ. ನಮ್ಮನೇಲಿ ಮೊದಲು ಯಜಮಾನ್ರಿಗೆ, ಆಮೇಲೆ ಮಗಳಿಗೆ ಸ್ವಲ್ಪ, ಕೊನೇಲಿ ಕೂತ್ಕೊಳ್ಳೋ ನನಗೂ ಅತ್ತೆಗೂ ಸಾರು ಮಾತ್ರ ಉಳೀತಿತ್ತು, ಎಷ್ಟು ವರ್ಷ ಹೀಗೇ ನಡೆದಿದೆ ಅಂತ ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ. ಅದಕ್ಕೆ ಅತ್ತೆಯಿಂದಲೇ ಶುರು ಮಾಡ್ತೀನಿ.

ವಯಸ್ಸಾದವರಿಗೆ

"ಈ ವಯಸ್ಸಲ್ಲಿ ಇನ್ನೇನಮ್ಮ ತಿನ್ನೋದು, ಒಂದು ತುತ್ತು ಅನ್ನ ಮಜ್ಜಿಗೆ ಸಾಕು" ಅಂತಾರೆ ನಮ್ಮತ್ತೆ. ಹಸಿವು ಕಡಿಮೆ ಆಗೋದು ನಿಜ, ಆದ್ರೆ ಪ್ರೋಟೀನ್ ಅವಶ್ಯಕತೆ ಕಡಿಮೆ ಆಗಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್, ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಇದ್ರೆ ಒಳ್ಳೇದು ಅಂತ ವಯೋವೃದ್ಧರನ್ನ ನೋಡೋ ಡಾಕ್ಟರುಗಳು ಹೇಳ್ತಾರೆ, ಯಾಕಂದ್ರೆ ತಿಂದ ಪ್ರೋಟೀನಿಂದ ಸ್ನಾಯು ಕಟ್ಟೋ ಶಕ್ತಿ ಆ ವಯಸ್ಸಿನ ದೇಹಕ್ಕೆ ಕಮ್ಮಿ ಆಗಿರುತ್ತೆ. ಅತ್ತೆ ತೂಕ 50 ಕೆಜಿ, ಅಂದ್ರೆ ದಿನಕ್ಕೆ 50 ಗ್ರಾಂ. ಒಂದಿನ ಕೂತು ಲೆಕ್ಕ ಹಾಕಿದೆ: ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು ಮಜ್ಜಿಗೆ, ರಾತ್ರಿ ಅರ್ಧ ಮುದ್ದೆ, ಎರಡು ಸಲ ಕಾಫಿ, ಎಲ್ಲಾ ಸೇರಿ 25 ಗ್ರಾಂ ದಾಟ್ತಿರಲಿಲ್ಲ. ಅರ್ಧಕ್ಕರ್ಧ ಸಾಲ!

ಈಗ ಮಾಡಿರೋದು ಇಷ್ಟೇ. ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ (6 ಗ್ರಾಂ), ಮಧ್ಯಾಹ್ನ ಕಾಳು ಪಲ್ಯ ಮೊದಲು ಅವರ ತಟ್ಟೆಗೆ, ಒಣ ಕಾಳಿನ ಲೆಕ್ಕದಲ್ಲಿ 40 ಗ್ರಾಂ ಅಂದ್ರೆ ಹೆಚ್ಚುಕಡಿಮೆ 9 ಗ್ರಾಂ ಪ್ರೋಟೀನ್, ಹಲ್ಲಿಗೆ ಕಷ್ಟ ಆದ್ರೆ ಸೌಟಲ್ಲಿ ಮಸೆದು ಹಾಕೋದು. ನೀರು ಮಜ್ಜಿಗೆ ಬದಲು ಒಂದು ಬಟ್ಟಲು ಗಟ್ಟಿ ಮೊಸರು, ರಾತ್ರಿ ಒಂದು ಲೋಟ ಹಾಲು. ಮೊಟ್ಟೆ ತಿನ್ನದೇ ಇರೋರು ಒಂದು ಹಿಡಿ ಬೇಯಿಸಿದ ಕಡ್ಲೆಕಾಯಿ ಬೀಜ ತಿಂದ್ರೆ ಅಷ್ಟೇ ಸಿಗುತ್ತೆ. ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರನ್ನ ಕೇಳದೆ ಪ್ರೋಟೀನ್ ಜಾಸ್ತಿ ಮಾಡ್ಬೇಡಿ. ಹಾಗೇ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೋತಿರೋರು ವಿಟಮಿನ್ ಬಿ12 ಟೆಸ್ಟ್ ಮಾಡಿಸಿ, ಆ ಮಾತ್ರೆ ಬಿ12 ಕಡಿಮೆ ಮಾಡ್ಬೋದು, ಅದರಿಂದ ಕಾಲು ಜೋಮು ಹಿಡಿದ್ರೂ ವಯಸ್ಸಾಯ್ತು ಅಂತ ಸುಮ್ನೆ ಬಿಟ್ಟುಬಿಡ್ತೀವಿ. ಇನ್ನೊಂದು, ರಾಗಿ ಶುಗರ್‌ಗೆ ಮದ್ದು ಅಂತ ಎರಡೆರಡು ಮುದ್ದೆ ತಿನ್ನೋರಿದ್ದಾರೆ, 100 ಗ್ರಾಂ ರಾಗಿ ಹಿಟ್ಟಲ್ಲಿ 65 ಗ್ರಾಂಗಿಂತ ಜಾಸ್ತಿ ಕಾರ್ಬೋಹೈಡ್ರೇಟೇ ಇರೋದು, ಮುದ್ದೆ ಚಿಕ್ಕದಾಗಲಿ ಪಲ್ಯ ದೊಡ್ಡದಾಗಲಿ.

ತಿಂದಿದ್ದು ಸ್ನಾಯುಗೆ ಹೋಗ್ಬೇಕು ಅಂದ್ರೆ ಸ್ನಾಯುಗೆ ಕೆಲಸ ಕೊಡ್ಬೇಕು. ದೇವಸ್ಥಾನಕ್ಕೆ ನಡ್ಕೊಂಡು ಹೋಗಿ ಬರೋದು ಒಳ್ಳೇದೇ, ಆದ್ರೆ ಅಷ್ಟೇ ಸಾಲಲ್ಲ. 65 ದಾಟಿದವರು ವಾರಕ್ಕೆ ಮೂರು ದಿನ ಬಲ ಮತ್ತೆ ಬ್ಯಾಲೆನ್ಸಿನ ವ್ಯಾಯಾಮ ಮಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ನಾವು ಮಾಡೋದು ಹೀಗೆ: ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ, ಪ್ಲಾಸ್ಟಿಕ್ ಕುರ್ಚಿ ಬೇಡ ಜಾರುತ್ತೆ. ಕೈ ಊರದೆ ಎದ್ದು ನಿಂತ್ಕೊಳ್ಳೋದು, ನಿಧಾನಕ್ಕೆ ಕೂರೋದು. ಅತ್ತೆಗೆ ಮೊದಲ ದಿನ ಮೂರು ಸಲಕ್ಕೇ ಸುಸ್ತು, ಕೈ ಊರ್ಕೊಂಡೇ ಎದ್ರು, ಎರಡು ತಿಂಗಳಾದ್ಮೇಲೆ ಹತ್ತು ಸಲ ಕೈ ಊರದೆ. ಆಮೇಲೆ ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು ಹತ್ತು ಸಲ, ಒಂದೇ ಕಾಲಲ್ಲಿ ಹತ್ತು ಎಣಿಸೋವರೆಗೆ ನಿಲ್ಲೋದು, ಪಕ್ಕದಲ್ಲಿ ಯಾರಾದ್ರೂ ಇರ್ಬೇಕು. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರ್ಕೊಂಡೋರನ್ನ ನೋಡಿದ್ದೀನಿ, ಹಾಸಿಗೆ ಹಿಡಿದ್ರೆ ಎದ್ದೇಳೋದು ಎಷ್ಟು ಕಷ್ಟ ಅಂತ ಗೊತ್ತು, ಅದಕ್ಕೇ ಇದನ್ನ ಇಷ್ಟು ಒತ್ತಿ ಹೇಳ್ತಿರೋದು.

ಹದಿಹರೆಯದ ಹೆಣ್ಮಕ್ಕಳಿಗೆ

13–15 ವಯಸ್ಸಿನ ಹುಡುಗೀರಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು, ಅವರಪ್ಪನಿಗೆ 19 ಸಾಕು. ಅಂದ್ರೆ ಮನೇಲಿ ಎಲ್ಲರಿಗಿಂತ ಜಾಸ್ತಿ ಬೇಕಿರೋದು ಈ ಹುಡುಗಿಗೆ. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೆ ಹೇಳುತ್ತೆ. ಓದ್ತಾ ಓದ್ತಾ ತೂಕಡಿಸೋದು, ಮೆಟ್ಟಿಲು ಹತ್ತಿದ್ರೆ ಏದುಸಿರು, ಇದನ್ನ ಸೋಮಾರಿತನ ಅಂತ ಬೈಯೋ ಮುಂಚೆ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ.

ಕಾಳು ಸೊಪ್ಪಲ್ಲಿರೋ ಕಬ್ಬಿಣ ಸುಲಭಕ್ಕೆ ಮೈಗೆ ಹಿಡಿಯಲ್ಲ, ಅದಕ್ಕೆ ಪಲ್ಯದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ, ಇಲ್ಲ ಊಟದ ಜೊತೆ ಒಂದು ಸೀಬೆಹಣ್ಣು ಕೊಡಿ, ವಿಟಮಿನ್ ಸಿ ಇದ್ರೆ ಕಬ್ಬಿಣ ಚೆನ್ನಾಗಿ ಹೀರ್ಕೊಳ್ಳುತ್ತೆ. ಕಾಫಿ ಟೀ ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಬೇಡ. ಸ್ಕೂಲಲ್ಲಿ ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆ ಕೊಡ್ತಾರಲ್ಲ, ಅದನ್ನ ಬಿಸಾಕ್ಬೇಡ ಅಂತ ಹೇಳಿ, ಹಾಲಿನ ಜೊತೆ ನುಂಗ್ಬೇಡ ಅಂತನೂ ಹೇಳಿ.

ಮೂಳೆ ಗಟ್ಟಿ ಆಗೋ ಕಾಲನೂ ಇದೇ, ಈಗ ಕೂಡಿಟ್ಟಿದ್ದನ್ನೇ ಮುಂದೆ ಮುದುಕಿ ಆಗೋವರೆಗೂ ಖರ್ಚು ಮಾಡೋದು. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿದ್ರೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಅದರಲ್ಲೇ ಇದೆ, ಜೊತೆಗೆ ಹಾಲು ಮೊಸರು. ಆದ್ರೆ ಮೂಳೆಗೆ ಕುಣಿತ ಬೇಕು, ಸ್ಕಿಪ್ಪಿಂಗು, ಕುಂಟೆಬಿಲ್ಲೆ, ಖೋಖೋ, ಏನಾದ್ರೂ ಸರಿ, ಕಾಲು ನೆಲಕ್ಕೆ ಬಡೀಬೇಕು. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರೋ ಆಟ, ಅದರಲ್ಲಿ ವಾರಕ್ಕೆ ಮೂರು ದಿನ ಇಂಥ ಎಗರೋ ಆಟ. ಮಗಳ ಸ್ಕೂಲಲ್ಲಿ ಆಟದ ಪಿರಿಯಡ್ಡನ್ನ ಗಣಿತಕ್ಕೆ ತಗೊಳ್ತಿದ್ರು, ಹೋಗಿ ಕೇಳಿದೆ, ಪೇರೆಂಟ್ಸ್ ನಾವು ಕೇಳ್ದೆ ಇದ್ರೆ ಯಾರು ಕೇಳ್ತಾರೆ.

ಬಾಣಂತಿಗೆ, ಮಗುಗೆ

ಬಾಣಂತನದ ಪಥ್ಯ ಅಂತ ನೀರು ಕಮ್ಮಿ, ಹಣ್ಣು ಬೇಡ, ಕಾಳು ವಾಯು ಅಂತ ಬರೀ ಅನ್ನ ಮೆಣಸಿನ ಸಾರಲ್ಲಿ ಇಡ್ತಾರೆ ನೋಡಿ, ಅದು ಬೇಡ್ವೇ ಬೇಡ. ಹಾಲೂಡಿಸೋ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಜಾಸ್ತಿ ಬೇಕು, ಆಮೇಲೆ ವರ್ಷ ತುಂಬೋವರೆಗೆ 520. ನಮ್ಮ ನಾದಿನಿಗೆ ನಾನು ಕೊಡೋದು ಇನ್ನೊಂದು ಮುದ್ದೆ, ಒಂದು ಲೋಟ ಹಾಲು, ಒಂದು ಅಂಟಿನುಂಡೆ. ಸಬ್ಬಸಿಗೆ, ಮೆಂತ್ಯ ಎಲ್ಲಾ ಹಾಕ್ರಿ, ಒಳ್ಳೇದೇ, ಆದ್ರೆ ಬಾಯಾರಿದಾಗೆಲ್ಲ ನೀರು ಕುಡೀಲಿ. ಉಪ್ಪು ಅಯೋಡಿನ್ ಇರೋದೇ ಇರಲಿ, ಈಗ ಕಲ್ಲುಪ್ಪು ಒಳ್ಳೇದು ಅಂತ ಎಲ್ಲರೂ ಬದಲಾಯಿಸ್ತಿದ್ದಾರೆ, ಮಗುವಿನ ಮಿದುಳಿಗೆ ಬೇಕಾದ ಅಯೋಡಿನ್ ತಾಯಿ ಹಾಲಿಂದಲೇ ಹೋಗ್ಬೇಕು. ವ್ಯಾಯಾಮ ಅಂದ್ರೆ ನಡಿಗೆಯಿಂದ ಶುರು, ಸಿಸೇರಿಯನ್ ಆದವರು ಡಾಕ್ಟರು ಹೂಂ ಅಂದ್ಮೇಲೆ ಮಾತ್ರ ಹೊಟ್ಟೆ ವ್ಯಾಯಾಮ.

ಮಗುಗೆ ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ರಾಗಿ ಸರಿ. ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ರಾಗೀಲೇ ಮಾಡಿ, ಮೊಳಕೆ ಬಂದಾಗ ಪಿಷ್ಟ ಒಡೆದು ಸರಿ ತೆಳ್ಳಗಾಗುತ್ತೆ, ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಾಕ್ಬೋದು, ಪುಟ್ಟ ಹೊಟ್ಟೆಗೆ ಅದೇ ಬೇಕಿರೋದು. ಆದ್ರೆ ಬರೀ ಸರಿಯಲ್ಲೇ ವರ್ಷ ಕಳೀಬೇಡಿ. ಎಂಟು ತಿಂಗಳಿಗೆ ನಾನು ಬಸ್ಸಾರಿಗೆ ಉಪ್ಪು ಖಾರ ಹಾಕೋ ಮುಂಚೆ ಬೆಂದ ಕಾಳು ಸೊಪ್ಪು ಎರಡು ಚಮಚ ತೆಗೆದು ನುಣ್ಣಗೆ ಮಸೆದು, ಚೂರು ತುಪ್ಪ ಹಾಕಿ ಅನ್ನದ ಜೊತೆ ಕೊಡ್ತೀನಿ, ಮೊಟ್ಟೆನೂ ಕೊಡ್ಬೋದು. ವರ್ಷ ತುಂಬೋವರೆಗೆ ಉಪ್ಪು ಸಕ್ಕರೆ ಜೇನುತುಪ್ಪ ಬೇಡ, ಜೇನುತುಪ್ಪದಿಂದ ಬಾಟ್ಯುಲಿಸಂ ಅನ್ನೋ ಅಪಾಯದ ಕಾಯಿಲೆ ಬರ್ಬೋದು, ನಾಲಿಗೆಗೆ ಮುಟ್ಟಿಸೋ ಶಾಸ್ತ್ರನೂ ಬಿಡಿ. ಚಾಪೆ ಹಾಸಿ ಅಂಬೆಗಾಲಿಡೋಕೆ ಬಿಡಿ, ವಾಕರ್ ಬೇಡ, ಮೊಬೈಲ್ ತೋರಿಸಿ ಉಣ್ಣಿಸೋದು ಬೇಡ.

ನಲವತ್ತರ ಆಚೆಯ ನಮ್ಮಂಥವರಿಗೆ

ನಮ್ಮಿಬ್ಬರದು ಸರಳ. ಟೇಪ್ ತಗೊಂಡು ಸೊಂಟದ ಸುತ್ತಳತೆ ನೋಡಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಶುಗರ್ ಬಿಪಿ ಟೆಸ್ಟ್ ಮಾಡಿಸಿ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಮಾತಾಡೋಕೆ ಆಗ್ಬೇಕು ಹಾಡೋಕೆ ಆಗ್ಬಾರ್ದು ಅಷ್ಟು ವೇಗ. ನಾವು ಕುಕ್ಕರಹಳ್ಳಿ ಕೆರೆಗೆ ಹೋಗ್ತೀವಿ, ಮಳೆ ಬಂದ್ರೆ ಮನೇಲೇ ಮೆಟ್ಟಿಲು. ಇದರ ಜೊತೆ ವಾರಕ್ಕೆ ಎರಡು ದಿನ ಬಸ್ಕಿ, ದಂಡ. ಗರಡಿ ಮನೆಗಳಿರೋ ಊರಲ್ಲಿದ್ಕೊಂಡು ಬಸ್ಕಿ ಹೊಡೆಯೋಕೆ ಜಿಮ್ಮಿಗೇ ಹೋಗ್ಬೇಕು ಅಂತೇನಿಲ್ಲ. ಹೆಂಗಸರಂತೂ ಇದನ್ನ ಬಿಡ್ಲೇಬಾರ್ದು, ಮುಟ್ಟು ನಿಂತ್ಮೇಲೆ ಮೂಳೆ ಬೇಗ ಸವೆಯುತ್ತೆ, ಕ್ಯಾಲ್ಸಿಯಂ ಅವಶ್ಯಕತೆನೂ 1000ದಿಂದ 1200 ಮಿಲಿಗ್ರಾಂಗೆ ಏರುತ್ತೆ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚ, ಹಪ್ಪಳ ಉಪ್ಪಿನಕಾಯಿ ಎಲ್ಲಾ ಸೇರಿ.

ಇನ್ನು ಕಾಳಿನ ಲೆಕ್ಕ. ರಾತ್ರಿ ನೆನೆ ಹಾಕೋವಾಗ ದೊಡ್ಡವರು, ಮಗಳು ಸೇರಿ ಐದು ಜನಕ್ಕೆ ತಲಾ 40 ಗ್ರಾಂ ಅಂದ್ರೆ 200 ಗ್ರಾಂ, ಮಗುಗೆ ಅಂತ ಇನ್ನೊಂದು ಹಿಡಿ. ಮೊದಲೆಲ್ಲ ನಾನು ಇದರ ಅರ್ಧನೂ ಹಾಕ್ತಿರಲಿಲ್ಲ, ಅದಕ್ಕೇ ಕೊನೇಲಿ ಕೂತೋರಿಗೆ ಸಿಗ್ತಿರಲಿಲ್ಲ. ಹುರುಳಿ, ಅಲಸಂದೆ, ಹೆಸರು ಕಾಳು, ಅವರೆ ಸೀಸನ್ನಲ್ಲಿ ಅವರೆ, ಯಾವುದಾದ್ರೂ ಸರಿ. ಬಸಿದ ತಕ್ಷಣ ಒಗ್ಗರಣೆಗೆ ಮುಂಚೆನೇ ಅತ್ತೆ ಪಾಲು, ಮಗಳ ಪಾಲು, ನಾದಿನಿ ಪಾಲು ಬಟ್ಟಲಿಗೆ ಎತ್ತಿಡಿ, ನಿಮ್ಮ ಪಾಲೂ ಎತ್ತಿಡಿ.